ದೊಣೆಯ ಮೇಲಿನ ಮನೆ

ಅಪ್ಪ ತೀರಿಕೊಳ್ಳುವ ಮುಂಚೆ ಹನ್ನೊಂದು ದಿನ ಗೌರಿಬಿದನೂರಿನ ಆಸ್ಪತ್ರೆಯಲ್ಲಿದ್ದರು. ಬೆಳಗಿನ ಹೊತ್ತು ಅಮ್ಮ, ಮಧ್ಯಾಹ್ನದ ಮೇಲೆ ನಾನು ಪಕ್ಕದಲ್ಲಿ ಕೂರುತ್ತಿದ್ದೆವು. ಜ್ವರ ಏರಿದಾಗ ಅವರಿಗೆ ನನ್ನ ಗುರುತು ಹತ್ತುತ್ತಿರಲಿಲ್ಲ. ಸೂರು ನೋಡುತ್ತಾ ಒಂದೇ ಮಾತು ಕೇಳುತ್ತಿದ್ದರು: "ಬೆಟ್ಟದ ಮನೆ ಬಾಗ್ಲು ಹಾಕಿದ್ಯೇನಮ್ಮ?"

ನಮ್ಮ ಕಡೆ ಮಗಳನ್ನೂ ಅಮ್ಮ ಅಂತಲೇ ಕರೆಯುವುದರಿಂದ, ಅವರು ಕೇಳುತ್ತಿದ್ದುದು ನನ್ನನ್ನೋ ಅವರ ತಾಯಿಯನ್ನೋ ತಿಳಿಯಲಿಲ್ಲ. ಮೊದಲೆರಡು ದಿನ ಸುಮ್ಮನಿದ್ದೆ. ಆಮೇಲೆ "ಹಾಕಿದ್ದೀನಪ್ಪ" ಅನ್ನತೊಡಗಿದೆ. ಹಾಗಂದರೆ ಒಂದರ್ಧ ಗಂಟೆ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಿದ್ದರು.

ನಮಗೊಂದು ಬೆಟ್ಟದ ಮನೆ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ರೈಲ್ವೆ ಕ್ವಾರ್ಟರ್ಸ್‌ನಲ್ಲಿ. ಅಪ್ಪ ಹಳಿ ರಿಪೇರಿಯ ಗ್ಯಾಂಗಿಗೆ ಸೇರಿ, ಕೊನೆಕೊನೆಗೆ ಗೇಟ್‌ಮನ್ ಆಗಿದ್ದವರು. ಮಾತು ಬಹಳ ಕಡಿಮೆ. ನಡುವಯಸ್ಸಿನಲ್ಲಿ ಜೊತೆ ಕೆಲಸದವರ ಸಂಗಡ ಹೋಗಿ ಬೌದ್ಧರಾಗಿ ಬಂದು, ಗೋಡೆಯ ದೇವರ ಪಟಗಳನ್ನೆಲ್ಲ ಇಳಿಸಿ ಬುದ್ಧನದೊಂದನ್ನೇ ತಗುಲಿಸಿದಾಗಲೂ ಅಮ್ಮನಿಗೆ ಕಾರಣ ವಿವರಿಸಲಿಲ್ಲ. "ಇನ್ಮೇಲೆ ಇದೇ" ಅಂದರಂತೆ, ಅಷ್ಟೇ.

ಮಣ್ಣು ಮಾಡಿ ಬಂದ ಮೂರನೆಯ ದಿನ ಅಮ್ಮನನ್ನು ಕೇಳಿದೆ.

"ಅಂಥದ್ದೊಂದು ಇತ್ತಂತೆ ಕಣೇ, ನಗರಗೆರೆ ಆಚೆ, ಯಾವುದೋ ಬೆಟ್ಟದ ಮೇಲೆ. ನಿಮ್ಮ ತಾತ ಕಲ್ಲು ಒಡ್ಯೋರಲ್ವಾ, ಅವರೇ ಕಟ್ಟಿದ್ದಂತೆ. ನಾನು ಮದುವೆಯಾಗಿ ಬರೋ ಹೊತ್ಗೆ ಇವರು ಅದನ್ನ ಬಿಟ್ಟು ಎಷ್ಟೋ ವರ್ಷ ಆಗಿತ್ತು."

"ಒಂದ್ಸಲ ನೋಡ್ಬೇಕು ಅಂತ ನೀನು ಕೇಳ್ಲಿಲ್ವಾ?"

"ಕೇಳ್ದೆ. ಅಲ್ಲೇನಿದೆ, ಬರೀ ಬಂಡೆ ಅಂದ್ರು."

ಕ್ವಾರ್ಟರ್ಸ್ ಖಾಲಿ ಮಾಡಿದೆವು. ಅಮ್ಮ ಚಿಂತಾಮಣಿಯಲ್ಲಿದ್ದ ತನ್ನ ತಂಗಿಯ ಮನೆಗೆ ಹೋದಳು. ನನ್ನ ಜೊತೆ ಬಾ ಅಂದದ್ದಕ್ಕೆ, "ನೀನು ಡ್ಯೂಟಿ ಅಂತ ಹೋಗ್ತೀಯ, ನಾನು ಗೋಡೆ ಜೊತೆ ಮಾತಾಡ್ಲಾ?" ಅಂದಳು. ಅದೂ ಸರಿಯೇ. ನಾನು ಚಿಕ್ಕಬಳ್ಳಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಎಂಬತ್ತರ ದಶಕದ ಕೊನೆ ಅದು, ಟ್ರಂಕ್ ಕಾಲ್ ಬುಕ್ ಮಾಡಿ ಜನ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲ. ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಗೆ ಬನಾರಸ್ಸು ಬೇಕು, ಅಲೀಪುರದ ಹೆಂಗಸಿಗೆ ಬೊಂಬಾಯಿಯ ಮಗ ಬೇಕು, ಮುರುಗಮಲ್ಲದ ದರ್ಗಾಕ್ಕೆ ಬಂದು ಉಳಿದವರಿಗೆ ಮನೆಯಲ್ಲಿ ಬಿಟ್ಟು ಬಂದ ಕೂಸಿನ ಜ್ವರ ಇಳಿಯಿತಾ ಅಂತ ತಿಳಿಯಬೇಕು. ದಿನಕ್ಕೆ ಎಂಟು ಗಂಟೆ ಅವರೆಲ್ಲ ನನ್ನ ಕಿವಿಯೊಳಗೇ ಇರುತ್ತಿದ್ದರು. ಕಿವಿಯಿಂದ ಹೆಡ್‌ಫೋನ್ ತೆಗೆದು ಬಾಡಿಗೆ ರೂಮಿಗೆ ಬಂದರೆ ನನ್ನ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಮೂವತ್ತೆರಡು ವಯಸ್ಸು. ಇನ್ನು ಗಂಡು ಹುಡುಕಬೇಡಿ ಅಂತ ಎರಡು ವರ್ಷದ ಹಿಂದೆ ನಾನೇ ಅಪ್ಪನಿಗೆ ಹೇಳಿದ್ದೆ. ಅವರು ಯಾಕೆ ಅಂತ ಕೇಳಿರಲಿಲ್ಲ. ಕೇಳಬಹುದಿತ್ತು ಅಂತ ಆಮೇಲೆ ಅನ್ನಿಸಿದ್ದುಂಟು.

ಆ ವರ್ಷ ಕಾರ್ತೀಕದಲ್ಲಿ ಎರಡು ದಿನ ರಜೆ ಸಿಕ್ಕಿತು. ಅಪ್ಪನ ಸರ್ವಿಸ್ ಪುಸ್ತಕದಲ್ಲಿ 'ಸ್ವಂತ ಊರು' ಅನ್ನುವ ಕಡೆ ಒಂದು ಹೆಸರಿತ್ತು. ಅದನ್ನು ಚೀಟಿಯಲ್ಲಿ ಬರೆದುಕೊಂಡು ಮೊದಲ ಬಸ್ಸಿಗೆ ಗೌರಿಬಿದನೂರಿಗೆ ಹೋಗಿ, ಅಲ್ಲಿಂದ ನಗರಗೆರೆಯ ಬಸ್ಸು ಹಿಡಿದೆ. ನಗರಗೆರೆಯಿಂದಾಚೆ ಎರಡು ಮೈಲಿ ನಡೆದರೆ ಬೆಟ್ಟದ ಬುಡದಲ್ಲಿ ಆ ಊರು. ಮಳೆ ಚೆನ್ನಾಗಿ ಆಗಿದ್ದ ವರ್ಷ. ರಾಗಿ ತೆನೆ ಬಾಗಿತ್ತು, ಅವರೆ ಹೂ ಬಿಟ್ಟಿತ್ತು. ಊರ ಮುಂದಿನ ಹೊಂಗೆಮರದ ಕೆಳಗೆ ಒಂದು ಟೀ ಅಂಗಡಿ. ಅಲ್ಲಿ ಕೇಳಿದೆ.

"ಬೆಟ್ಟದ ಮೇಲೆ ಒಂದು ಹಳೇ ಕಲ್ಲು ಮನೆ ಇದೆಯಂತಲ್ಲ, ಅದಕ್ಕೆ ದಾರಿ ಯಾವುದು?"

ಅಂಗಡಿಯವನು ನನ್ನ ಸೀರೆ, ಕೈಗಡಿಯಾರ, ಚೀಲ ಎಲ್ಲವನ್ನೂ ನೋಡಿದ. "ಯಾರ ಕಡೆಯೋರಮ್ಮ ನೀವು?"

ಬಹಳ ಸಣ್ಣ ಪ್ರಶ್ನೆ. ಆದರೆ ಅದರೊಳಗೆ ಯಾವ ಬೀದಿ, ಯಾವ ಮನೆ, ಯಾವ ಜನ ಅನ್ನುವುದೆಲ್ಲ ಸೇರಿರುತ್ತದೆ ಅಂತ ನಮ್ಮಂಥವರಿಗೆ ಚಿಕ್ಕಂದಿನಲ್ಲೇ ಗೊತ್ತಾಗಿರುತ್ತದೆ. ಹಲಗೆಯ ಮೇಲೆ ಸ್ಟೀಲ್ ಲೋಟಗಳು ಸಾಲಾಗಿದ್ದವು. ಹೊರಗಿನ ಗೋಡೆಯ ಗೂಡಿನಲ್ಲಿ ಮೂರು ಗಾಜಿನ ಲೋಟಗಳು ಬೇರೆಯಾಗಿ ಬೋರಲು ಬಿದ್ದಿದ್ದವು. ನಾನು ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಗಿತ್ತು. ಅಧಿಕಾರಿಗಳ ಜೊತೆ ಜಗಳವಾಡಿದವಳು. ಆದರೂ ಆ ಗೂಡು ನೋಡಿದ ಮೇಲೆ ನನ್ನ ಬಾಯಲ್ಲಿ ಬಂದದ್ದು ಬೇರೆ ಮಾತು.

"ಟೆಲಿಫೋನ್ ಆಫೀಸಿಂದ ಬಂದಿದ್ದೀನಿ."

"ಹೌದಾ! ನಮ್ಮೂರಿಗೂ ಫೋನ್ ಬರುತ್ತಾ ಮೇಡಂ?" ಅವನು ಟವೆಲ್ಲಿನಿಂದ ಬೆಂಚು ಒರೆಸಿದ. "ಬೆಟ್ಟದ ಮೇಲೆ ಕಂಬ ಹಾಕ್ತೀರಾ? ಕೂತ್ಕೊಳ್ಳಿ, ಕೂತ್ಕೊಳ್ಳಿ." ಸ್ಟೀಲ್ ಲೋಟದಲ್ಲಿ ಟೀ ಬಂತು. ಸಕ್ಕರೆ ಜಾಸ್ತಿ ಹಾಕಿದ್ದ. ಕುಡಿದೆ. ಅವನೇ ಊರ ಕೊನೆಯವರೆಗೂ ಬಂದು ಕಾಲುದಾರಿ ತೋರಿಸಿದ. "ನಿಧಾನ ಹತ್ತಿ ಮೇಡಂ. ಮೇಲೆ ಮೇಕೆ ಮೇಯಿಸ್ತಾ ನಮ್ಮೋರೇ ಒಬ್ರು ಇರ್ತಾರೆ. ಅವರನ್ನ ಕೇಳಿ."

ದಾರಿ ಅನ್ನುವುದೇನೂ ಇರಲಿಲ್ಲ, ಮೇಕೆಗಳ ಜಾಡು. ಎರಡೂ ಕಡೆ ತಂಗಡಿ, ಲಂಟಾನ, ಬಂಡೆಯ ಸಂದುಗಳಲ್ಲಿ ಸೀತಾಫಲದ ಗಿಡಗಳು. ಹಣ್ಣುಗಳು ಕಣ್ಣು ಬಿಟ್ಟು ಬೆಳ್ಳಗೆ ಬಿರಿದಿದ್ದವು. ಅರ್ಧ ಹತ್ತಿದ ಮೇಲೆ ಹಿಂದಿರುಗಿ ನೋಡಿದರೆ ಊರು, ಕೆರೆ, ಆಚೆಗೆ ಆಂಧ್ರದ ಗುಡ್ಡಗಳು. ಚಪ್ಪಲಿ ಜಾರುತ್ತಿತ್ತು, ಕೈಯಲ್ಲಿ ಹಿಡಿದುಕೊಂಡು ಹತ್ತಿದೆ. ಈ ಬೆಟ್ಟವನ್ನು ಅಪ್ಪ ದಿನಾ ಇಳಿದು ಶಾಲೆಗೆ ಹೋಗಿ ಬರುತ್ತಿದ್ದರಾ? ಅವರ ಕಾಲು ಯಾವಾಗಲೂ ಯಾಕೆ ಅಷ್ಟು ಗಟ್ಟಿಯಾಗಿತ್ತು ಅಂತ ಆಗ ಹೊಳೆಯಿತು.

ಮನೆ ನಾನು ಎಣಿಸಿದ್ದಕ್ಕಿಂತ ಚಿಕ್ಕದು. ಒಂದೇ ಕೋಣೆ. ಗೋಡೆಗೆ ಕಲ್ಲು, ಸೂರಿಗೆ ಕಲ್ಲಿನ ಚಪ್ಪಡಿ, ಮುಂದೆ ಮೊಣಕಾಲೆತ್ತರದ ಜಗಲಿ. ಗಾರೆ ಇಲ್ಲ, ಕಲ್ಲನ್ನು ಕಲ್ಲಿಗೆ ಕೂರುವ ಹಾಗೆ ಕೆತ್ತಿ ಇಟ್ಟಿದ್ದರು. ಸಂದಿನಲ್ಲಿ ಉಗುರು ಕೂಡ ತೂರುತ್ತಿರಲಿಲ್ಲ. ಬಾಗಿಲ ಜಾಗದಲ್ಲಿ ಬರೀ ಚೌಕದ ಖಾಲಿ. ಒಳಗೆ ಮೇಕೆಗಳ ಹಿಕ್ಕೆ, ಮೂತ್ರದ ವಾಸನೆ. ಮನೆಯ ಬೆನ್ನಿಗೇ ಇಳಿಜಾರಾದ ಹೆಬ್ಬಂಡೆ, ಅದರ ಬುಡದಲ್ಲಿ ದೊಣೆ. ನಮ್ಮ ಕಡೆಯ ಬೆಟ್ಟಗಳಲ್ಲಿ ಬಂಡೆಯ ನಡುವೆ ಮಳೆನೀರು ತುಂಬಿ ನಿಲ್ಲುವ ಆಳವಾದ ಗುಂಡಿಗೆ ದೊಣೆ ಅನ್ನುತ್ತಾರೆ. ಇದು ಉದ್ದಕ್ಕೆ ಇಪ್ಪತ್ತಡಿ ಇದ್ದೀತು. ಮೇಲೊಂದು ಬಂಡೆ ಛಾವಣಿಯಂತೆ ಚಾಚಿ ಬಿಸಿಲು ತಾಗದ ಹಾಗೆ ಕಾಯುತ್ತಿತ್ತು. ನೀರು ಕಪ್ಪಗೆ, ತಣ್ಣಗೆ, ಅಲ್ಲಾಡದೆ ನಿಂತಿತ್ತು.

"ಎವರಮ್ಮಾ ಅದಿ?"

ಯಾರದು ಅಂತ ಬಂಡೆಯ ಮೇಲಿಂದ ತೆಲುಗಿನಲ್ಲಿ ಕೂಗು ಬಂತು. ಎಪ್ಪತ್ತರ ಹತ್ತಿರದ ಮುದುಕಿ. ಕೈಯಲ್ಲಿ ಉದ್ದನೆಯ ಕೋಲು, ಹಿಂದೆ ಏಳೆಂಟು ಮೇಕೆ. ನಾನು ಕನ್ನಡದಲ್ಲಿ ಮಾತಾಡಿದಾಗ ಅವಳೂ ಕನ್ನಡಕ್ಕೆ ಬಂದಳು. ಹೇಳಿದ ಸುಳ್ಳನ್ನೇ ಮತ್ತೆ ಹೇಳಿದೆ.

"ಫೋನಾ? ಇಲ್ಯಾರಿದ್ದಾರೆ ಫೋನ್ ಎತ್ತಕ್ಕೆ?" ಅಂತ ನಕ್ಕಳು. ಮಡಿಲಿನಿಂದ ಎರಡು ಸೀತಾಫಲ ತೆಗೆದು ಜಗಲಿಯ ಮೇಲಿಟ್ಟು, "ತಿನ್ನು, ಬಿಸಿಲಲ್ಲಿ ಬಂದಿದ್ದೀಯ" ಅಂದಳು. ಇಬ್ಬರೂ ಜಗಲಿಯ ಮೇಲೆ ಕೂತೆವು. ಅವಳಿಗೆ ಮಾತಾಡಲು ಮನುಷ್ಯರು ಸಿಕ್ಕದ್ದೇ ದೊಡ್ಡದಾಗಿತ್ತು. ನಾನು ಏನೂ ಕೇಳಬೇಕಾಗಲಿಲ್ಲ.

"ಈ ಮನೆ ಊರಾಚೆಯೋರದ್ದು. ಕಲ್ಲು ಕುಟ್ಟೋನು ಒಬ್ಬ ಇದ್ದ. ಊರ ಬಾವೀಲಿ ಅವರು ನೀರು ಸೇದಂಗಿರ್ಲಿಲ್ಲ, ಯಾರಾದ್ರೂ ಸೇದಿ ಹಾಕೋತಂಕ ಬಾವಿ ಹತ್ರ ಕಾಯ್ಬೇಕು. ಒಂದಿನ ಅವನ ಹೆಂಡ್ತಿ ಬೆಳಗ್ಗೆ ಹೋದೋಳು ಬಿಸಿಲೇರೋವರ್ಗೂ ಕಾದ್ರೂ ಯಾರೂ ಹಾಕ್ಲಿಲ್ವಂತೆ. ಅವನಿಗೆ ರೇಗೋಯ್ತು. 'ನಿಮ್ಮ ಬಾವೀನೂ ಬೇಡ ಊರೂ ಬೇಡ' ಅಂತ ಇಲ್ಲಿ ಬಂದು ದೊಣೆ ಮೇಲೆ ಮನೆ ಕಟ್ಟಿದ. ಎರಡು ವರ್ಷ ತಗೊಂಡ. ಒಬ್ಬನೇ."

ನಾನು ಸೀತಾಫಲದ ಬೀಜಗಳನ್ನು ಕೈಯಲ್ಲಿ ಹಿಡಿದುಕೊಂಡು ಕೇಳುತ್ತಿದ್ದೆ.

"ನಾನು ಮದುವೆಯಾಗಿ ಈ ಊರಿಗೆ ಬಂದ ಮಾರನೇ ವರ್ಷ ಮಳೆ ಇಲ್ಲ. ಬಾವಿ ಬತ್ತೋಯ್ತು, ಕೆರೆ ಬಿರುಕು ಬಿಡ್ತು. ದನ ಎಲ್ಲಾ ಹಿಂದೂಪುರದ ಕಡೆ ಹೊಡೆದ್ರು. ನನಗೆ ಮೂರು ತಿಂಗಳ ಕೂಸು, ಎದೇಲಿ ಹಾಲಿಲ್ಲ. ಆಗ ಈ ದೊಣೆ ನೆನಪಾಯ್ತು ನೋಡು ಎಲ್ಲರಿಗೂ. ಇದು ಎಂಥಾ ಬೇಸಿಗೇಲೂ ಬತ್ತಿದ್ದಿಲ್ಲ. ಒಂದಿನ ಬೆಳಗ್ಗೆ ಊರೋರೆಲ್ಲ ಕೊಡ ಹೊತ್ಕೊಂಡು ಹತ್ತಿದ್ವಿ. ನಮ್ಮ ಮಾವ ಮುಂದೆ. ಮಕ್ಕಳೂ ಬಂದಿದ್ರು, ಇಸ್ಕೂಲಿಗೆ ರಜಾ ಕೊಟ್ಟಿದ್ರು."

"ಕಲ್ಲು ಕುಟ್ಟೋರು ಏನಂದ್ರು?"

"ಅವನಿರ್ಲಿಲ್ಲ. ಪೆನುಗೊಂಡೆ ಕಡೆ ಕೆಲಸಕ್ಕೋಗಿದ್ದ. ಅವಳೊಬ್ಬಳೇ, ಜೊತೆಗೆ ಒಬ್ಬ ಮಗ. ಹತ್ತು ವರ್ಷ ಇರ್ಬೇಕು. ನಮ್ಮ ಮಾವ ಹೇಳಿದ್ರು, 'ನೀವು ತಾಯಿ ಮಗ ಎರಡು ದಿನ ಕೆಳಗಿರಿ. ನಾವು ದೊಣೆ ತೊಳ್ದು, ಮಡಿ ಮಾಡಿ, ತುಂಬ್ಕೊಂತೀವಿ' ಅಂತ."

ಮುದುಕಿ ಕೋಲಿನಿಂದ ದೊಣೆಯ ಕಡೆ ತೋರಿಸಿದಳು.

"ಅವಳು ಏನ್ಮಾಡಿದ್ಳು ಗೊತ್ತಾ? ಸೀರೆ ಎತ್ತಿ ಕಚ್ಚೆ ಕಟ್ಟಿದ್ಳು. ಸೀದಾ ಇಳಿದು ಆ ನೀರಲ್ಲಿ ನಿಂತ್ಕಂಡ್ಳು. ಮೊಣಕಾಲು ತಂಕ ನೀರು. 'ತೊಳೆದ್ರೆ ಇರೋದೂ ಹೋಗುತ್ತೆ. ನಾನೇ ಮೊಗೆದು ಕೊಡ್ತೀನಿ. ಬೇಕಾದೋರು ಹಿಡ್ಕೊಳ್ಳಿ, ಬೇಡಾದೋರು ಇಳೀರಿ' ಅಂದ್ಳು. ಯಪ್ಪಾ, ಹಂಗೆ ಮಾತಾಡಿದ ಹೆಂಗಸನ್ನ ನಾನು ನೋಡೇ ಇರ್ಲಿಲ್ಲ."

"ಆಮೇಲೆ?"

"ನೀರು ಆಗ ತೀರಾ ತಳಕ್ಕೆ ಇಳಿದಿತ್ತು. ಕೆಳಗಿಂದ ಒಬ್ಬರು ಕೊಡ ಎತ್ತಿ ಕೊಟ್ರೆ ಮೇಲೆ ಇನ್ನೊಬ್ಬರು ಬಗ್ಗಿ ಹಿಡೀಬೇಕು, ಹಂಗಿತ್ತು. ಅವಳು ತುಂಬಿದ ಕೊಡ ತಲೆ ಮೇಲೆತ್ತಿ ಹಿಡಿದು ಮಗನ್ನ ಕರೆದ್ಳು. ಆ ಹುಡುಗ ಆ ಬಂಡೆ ಇದೆ ನೋಡು, ಅದರ ಹಿಂದೆ ಸೇರ್ಕೊಂಡಿದ್ದ. ಅವನ ಜೊತೆ ಓದೋ ಹುಡುಗರೆಲ್ಲ ಇಲ್ಲೇ ನಿಂತಿದ್ರಲ್ಲ, ನಾಚಿಕೆನೋ ಭಯಾನೋ. ಅವಳು ಮೂರು ಸಲ ಕೂಗಿದ್ಳು. ತೋಳು ನಡುಗ್ತಿತ್ತು ಭಾರಕ್ಕೆ. ಅವನು ಬರ್ಲೇ ಇಲ್ಲ. ನನಗೆ ಕಾಣಿಸ್ತಿತ್ತು ಅವನು. ಎರಡೂ ಕಿವಿ ಮುಚ್ಕೊಂಡು ಕೂತಿದ್ದ."

ಒಂದು ಮೇಕೆ ಬಂದು ನನ್ನ ಕಾಲ ಬಳಿಯ ಸಿಪ್ಪೆ ತಿಂದುಹೋಯಿತು.

"ಮತ್ತೆ ಆ ಕೊಡ ಯಾರು ಹಿಡಿದ್ರು?"

"ನಾನೇ," ಅಂದಳು ಮುದುಕಿ. ಅದನ್ನು ಹೆಮ್ಮೆಯಿಂದ ಹೇಳಲಿಲ್ಲ. ಯಾವತ್ತೋ ಕಾಲು ಮುರಿದುಕೊಂಡದ್ದನ್ನು ಹೇಳುವ ಹಾಗೆ ಹೇಳಿದಳು. "ಕೂಸು ಸಾಯ್ತಿತ್ತಲ್ಲಮ್ಮ. ಕೂಸನ್ನ ಪಕ್ಕದೋಳ ಕೈಗೆ ಕೊಟ್ಟು ಬಗ್ಗಿ ಹಿಡ್ಕಂಡೆ. ನನ್ನ ಹಿಂದೆ ಇನ್ನೂ ನಾಲ್ಕು ಜನ ಹೆಂಗಸ್ರು ಬಂದ್ರು. ಮಿಕ್ಕೋರು ಖಾಲಿ ಕೊಡ ಹೊತ್ಕೊಂಡು ಇಳಿದ್ರು. ನಮ್ಮತ್ತೆ ಆ ಕೊಡಾನ ಬಾಗಿಲಲ್ಲೇ ಒಡೆದು ಹಾಕಿದ್ರು. ಕೂಸಿಗೆ ಮಾತ್ರ ಅಷ್ಟ್ರಲ್ಲಿ ಕುಡಿಸಿದ್ದೆ. ಆರು ತಿಂಗಳು ನನ್ನ ಒಲೆ ಹತ್ರ ಬಿಡ್ಲಿಲ್ಲ."

"ಕೂಸು?"

"ಇದ್ದಾನಲ್ಲ. ಕೆಳಗೆ ಟೀ ಅಂಗಡಿ ಇಟ್ಟಿದ್ದಾನೆ."

ಅವಳು ಮುಂದುವರಿಸಿದಳು. ಕಲ್ಲು ಕುಟ್ಟುವವನು ವಾಪಸು ಬಂದಮೇಲೆ ಸುತ್ತಿನ ಊರುಗಳಲ್ಲಿ ಯಾರೂ ಅವನಿಗೆ ಕೆಲಸ ಕೊಡಲಿಲ್ಲ. ಮಾರನೆಯ ವರ್ಷ ರೈಲು ಹಾದಿಗೆ ಜಲ್ಲಿ ಒಡೆಯುವ ಕೆಲಸ ಸಿಕ್ಕಿ ಗೌರಿಬಿದನೂರಿಗೆ ಹೊರಟರು. ಮನೆಯಲ್ಲಿದ್ದ ಮರ ಅಂದರೆ ಬಾಗಿಲೊಂದೇ. ಅದನ್ನು ಬಿಚ್ಚಿ ಅವನು ತಲೆಯ ಮೇಲೆ ಹೊತ್ತುಕೊಂಡು ಇಳಿದ. "ಹುಡುಗ ಮಾತ್ರ ತಿರುತಿರುಗಿ ನೋಡ್ತಿದ್ದ. ಬಾಗಿಲು ಇಲ್ದಿದ್ರೆ ಮನೆಗೆ ಕರಡಿ ಬರುತ್ತೆ ಅಂತ ಅಳ್ತಿದ್ದ. ಅವನು ಎಲ್ಲಿದ್ದಾನೋ ಏನೋ. ಈಗ ಅವನಿಗೂ ವಯಸ್ಸಾಗಿರುತ್ತೆ."

"ಅವರು ಹೋದ್ರಜ್ಜಿ," ಅಂದೆ. "ಆಷಾಢದಲ್ಲಿ. ನಮ್ಮಪ್ಪ ಅವರು."

ಮುದುಕಿ ನನ್ನ ಮುಖವನ್ನೇ ನೋಡಿದಳು. ತಾನು ಏನೇನು ಮಾತಾಡಿದೆ, ಯಾವ ಮಾತನ್ನು ಹೇಗೆ ಆಡಿದೆ ಅಂತ ಲೆಕ್ಕ ಹಾಕುತ್ತಿದ್ದಳೋ ಏನೋ. ಆಮೇಲೆ ಎದ್ದು, ಮನೆಯೊಳಗೆ ನೆರಳಿಗೆ ನಿಂತಿದ್ದ ಎರಡು ಮೇಕೆಗಳನ್ನು ಕೋಲಿನಿಂದ ಹೊರಗಟ್ಟಿದಳು.

"ಮೊದ್ಲೇ ಹೇಳ್ಬಾರ್ದೇನೇ ತಾಯಿ. ನಿಮ್ಮ ಮನೇನ ನಾನು ಕೊಟ್ಟಿಗೆ ಮಾಡ್ಬಿಟ್ಟಿದ್ದೀನಿ."

"ಇರ್ಲಿ ಬಿಡಜ್ಜಿ."

ಅವಳು ಬಿಡಲಿಲ್ಲ. ತಂಗಡಿ ಕೊಂಬೆ ಮುರಿದು ಗುಡಿಸಲು ಶುರುಮಾಡಿದಳು. ನಾನೂ ಒಂದು ಕೊಂಬೆ ಮುರಿದುಕೊಂಡೆ. ಇಬ್ಬರೂ ಹಿಕ್ಕೆ ಬಳಿದು ಹೊರಗೆ ಹಾಕಿದೆವು. ನೆಲವೂ ಕಲ್ಲೇ. ಒಲೆಯ ಮೂಲೆಯಲ್ಲಿ ಗೋಡೆ ಇನ್ನೂ ಕಪ್ಪಾಗಿತ್ತು. ಅದಕ್ಕೆ ಅಂಗೈ ಒತ್ತಿ ನೋಡಿದೆ, ಮಸಿ ಅಂಟಲಿಲ್ಲ. ಕೆಲಸ ಮುಗಿದಮೇಲೆ ಅವಳು ಉಸ್ಸಂತ ಜಗಲಿಯ ಮೇಲೆ ಕೂತು, "ನಿಮ್ಮಜ್ಜಿ ಹೆಸರೇ ನನಗೆ ಗೊತ್ತಿಲ್ಲ ನೋಡು. ಕೇಳ್ಲೇ ಇಲ್ಲ" ಅಂದಳು. ಹೇಳೋಣವೆಂದರೆ ನನಗೂ ಗೊತ್ತಿರಲಿಲ್ಲ. ನಾನು ಹುಟ್ಟುವುದಕ್ಕೆ ಮುಂಚೆಯೇ ಅಜ್ಜಿ ತೀರಿಹೋಗಿದ್ದರು. ಮನೆಯಲ್ಲಿ ಅವರನ್ನು ಕುರಿತ ಮಾತೇ ಬರುತ್ತಿರಲಿಲ್ಲ.

ಇಳಿಯುವ ಮುಂಚೆ ಆ ಬಂಡೆಯ ಹಿಂದೆ ಹೋಗಿ ನೋಡಿದೆ. ಒಂದು ಮಗು ಮುದುಡಿ ಕೂರುವಷ್ಟು ಜಾಗ. ದೊಣೆಯಿಂದ ಹತ್ತು ಹೆಜ್ಜೆಯೂ ಇರಲಿಲ್ಲ.

ಕೆಳಗೆ ಟೀ ಅಂಗಡಿಯವನು ಎದ್ದು ನಿಂತು, "ಜಾಗ ಸರಿಹೋಯ್ತಾ ಮೇಡಂ? ಫೋನ್ ಯಾವಾಗ ಬರುತ್ತೆ?" ಅಂತ ಕೇಳಿದ. ನಿನಗೆ ಮೂರು ತಿಂಗಳಿದ್ದಾಗ ಕುಡಿದ ನೀರು ನಮ್ಮಜ್ಜಿ ಮೊಗೆದು ಕೊಟ್ಟದ್ದು ಅಂತ ಹೇಳಬಹುದಿತ್ತು. ನಡೆಯುತ್ತಾ ಆ ಮಾತನ್ನು ಜೋಡಿಸಿಕೊಂಡೇ ಬಂದಿದ್ದೆ. ಅಂಗಡಿಯ ಮುಂದೆ ಇನ್ನೂ ನಾಲ್ಕು ಜನ ಗಂಡಸರು ಕೂತಿದ್ದರು. "ಬರುತ್ತೆ" ಅಂದು ನಡೆದುಬಿಟ್ಟೆ. ನಗರಗೆರೆಯವರೆಗಿನ ಎರಡು ಮೈಲಿ ನನ್ನ ಮೇಲೆ ನನಗೇ ಅಸಹ್ಯವಾಗಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಮೇಲೆ, ಮೂವತ್ತೆರಡು ವಯಸ್ಸಿನ, ನೌಕರಿಯಲ್ಲಿರುವ ನನಗೇ ಬಾಯಿ ಬರಲಿಲ್ಲ, ಹತ್ತು ವರ್ಷದ ಹುಡುಗ ಏನು ಮಾಡಿಯಾನು ಅನ್ನಿಸಿ ಅಳು ಬಂತು. ಅಪ್ಪ ಹೋದಾಗ ಅಷ್ಟು ಅತ್ತಿರಲಿಲ್ಲ.

ಅಮ್ಮನಿಗೆ ಹೇಳಲು ಎರಡು ತಿಂಗಳು ತಡೆದೆ. ಹೇಳಬೇಕಾ ಬೇಡವಾ ಅಂತಲೇ ತೀರ್ಮಾನವಾಗಿರಲಿಲ್ಲ. ಪುಷ್ಯದಲ್ಲಿ ಒಂದು ಭಾನುವಾರ ಚಿಂತಾಮಣಿಗೆ ಹೋದಾಗ ಅವಳು ಹಿತ್ತಲಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಚಿಕ್ಕಮ್ಮ ಸಂತೆಗೆ ಹೋಗಿದ್ದಳು. ನಾನೂ ಎದುರಿಗೆ ಕೂತು ಕಾಳು ಹಿತುಕುತ್ತಾ ಎಲ್ಲ ಹೇಳಿದೆ: ಬಾವಿ, ದೊಣೆ, ನೀರಿನಲ್ಲಿ ನಿಂತ ಅಜ್ಜಿ, ಬಂಡೆಯ ಹಿಂದಿನ ಹುಡುಗ, ಮೂರು ಸಲದ ಕೂಗು.

ಅಮ್ಮನ ಕೈ ನಿಂತಿತು.

"ಕರೆದಾಗ ಹೋಗ್ಲಿಲ್ಲ ಅಂತ ಅವಳು ಹೇಳಿದ್ಳಾ? ಇದೇ ಮಾತಾ?"

"ಹೂಂ. ಯಾಕಮ್ಮ?"

ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ನಿಮ್ಮಪ್ಪ ನನಗೆ ಒಂದಿನಾನೂ ನೀರು ಹೊರಕ್ಕೆ ಬಿಡ್ಲಿಲ್ಲ. ನೀನು ನೋಡಿಲ್ವಾ?"

ನೋಡಿದ್ದೆ. ನೋಡಿಯೂ ಅದೊಂದು ವಿಷಯ ಅಂತ ಅಂದುಕೊಂಡಿರಲಿಲ್ಲ. ಸ್ಟೇಷನ್ನಿನ ಕೊಳಾಯಿಗೂ ನಮ್ಮ ಕ್ವಾರ್ಟರ್ಸಿಗೂ ಮಧ್ಯೆ ಒಂದು ಫರ್ಲಾಂಗು. ಡ್ಯೂಟಿ ಮುಗಿಸಿ ಬಂದವರು ಬೂಟು ಬಿಚ್ಚುವುದಕ್ಕೂ ಮುಂಚೆ ಎರಡು ಕೊಡ ತೆಗೆದುಕೊಂಡು ಹೊರಡುತ್ತಿದ್ದರು. ಕೊಳಾಯಿಯ ಹತ್ತಿರ ಹೆಂಗಸರ ನಡುವೆ ಅವರೊಬ್ಬರೇ ಗಂಡಸು. ಗೇಟಿನ ಆಚೆ ಮನೆಯವರು ನಗುತ್ತಿದ್ದರು. ಕಾಲು ಊದಿಕೊಂಡ ಮೇಲೂ, ಆಸ್ಪತ್ರೆಗೆ ಸೇರುವ ಹಿಂದಿನ ದಿನದವರೆಗೂ, ತಂದರು.

"ನನಗೆ ನಾಚಿಕೆಯಾಗೋದು. ನನ್ನ ಮಾನ ಕಳೀತೀರಿ ಅಂತ ಒಂದಿನ ಜೋರಾಗಿ ಜಗಳ ಆಡ್ದೆ. ನೀನು ಆಗ ಕೈಗೂಸು. ಯಾಕೆ ಹಿಂಗೆ ಮಾಡ್ತೀರಿ ಹೇಳಿ ಅಂತ ಕೊಡ ಕಿತ್ಕೊಂಡೆ. ಅವರು ಗೋಡೆ ಕಡೆ ಮುಖ ಮಾಡ್ಕೊಂಡು 'ಅವಳು ಕರೆದಾಗ ನಾನು ಹೋಗ್ಲಿಲ್ಲ' ಅಂದ್ರು. ಯಾರು ಅವಳು ಅಂದೆ. ಹೇಳ್ಲಿಲ್ಲ."

ಅಮ್ಮ ಹಿತುಕಿದ ಸಿಪ್ಪೆಗಳನ್ನು ಒಂದು ಕಡೆ ಸರಿಸಿದಳು.

"ನಾನು ಯಾರೋ ಹೆಂಗಸು ಅಂದ್ಕೊಂಡೆ ಕಣೇ. ನನಗಿಂತ ಮುಂಚೆ ಯಾವಳೋ ಇದ್ಳು, ಅವಳನ್ನ ಬಿಟ್ಟು ನನ್ನ ಕಟ್ಕೊಂಡಿದ್ದಾರೆ, ಅವಳು ನೆನಪಿಗೆ ಬರ್ತಾಳೆ ಅಂತ. ಮೂವತ್ತು ವರ್ಷ ಅದನ್ನೇ ಒಳಗಿಟ್ಕೊಂಡು ಉರ್ಕೊಂಡೆ. ಅವರು ತಂದ ನೀರಲ್ಲಿ ಅಡಿಗೆ ಮಾಡ್ತಿದ್ದೆ, ಬೈಕೊಂಡೇ ಮಾಡ್ತಿದ್ದೆ. ಎಷ್ಟೋ ಸಲ ಬೇಕು ಅಂತ ಮಾತು ಬಿಟ್ಟಿದ್ದೀನಿ. ಅವರಿಗೆ ಯಾಕೆ ಅಂತ ತಿಳೀತಿರ್ಲಿಲ್ಲ, ಕೇಳ್ತಾನೂ ಇರ್ಲಿಲ್ಲ."

"ಅಮ್ಮಾ..."

"ಅವರಮ್ಮನಾ," ಅಂದಳು. ನಗುವುದಕ್ಕೆ ಹೋದಳು, ಆಗಲಿಲ್ಲ. "ಅಯ್ಯೋ ದೇವ್ರೇ, ಅವರಮ್ಮನಾ."

ಆಮೇಲೆ ಮತ್ತೆ ಕಾಳು ಹಿತುಕಲು ಹಿಡಿದಳು. ಕಣ್ಣೀರು ಮೂಗಿನ ತುದಿಯಿಂದ ಪಾತ್ರೆಗೆ ಬೀಳುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ನಾನು ಎದ್ದು ಹೋಗಿ ಹಿಂದಿನಿಂದ ತಬ್ಬಿಕೊಳ್ಳಬೇಕು ಅಂದುಕೊಂಡೆ. ನಮ್ಮ ಮನೆಯಲ್ಲಿ ಆ ರೂಢಿಯೇ ಇರಲಿಲ್ಲ. ಅಲ್ಲೇ ಕೂತಿದ್ದೆ. ಸಂಜೆ ಚಿಕ್ಕಮ್ಮ ಬಂದಾಗ ಇಬ್ಬರೂ ಏನೂ ಆಗದವರ ಹಾಗೆ ಸಾರಿಗೆ ಮಸಾಲೆ ಅರೆಯುತ್ತಿದ್ದೆವು. ಹೊರಡುವಾಗ ಬಸ್‌ಸ್ಟ್ಯಾಂಡಿನವರೆಗೂ ಬಂದು ಅಜ್ಜಿಯ ಹೆಸರು ಹೇಳಿದಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಯಾರದೋ ಬಾಯಲ್ಲಿ ಕೇಳಿದ್ದಳಂತೆ.

ಅಮ್ಮ ಬೆಟ್ಟಕ್ಕೆ ಬರಲಿಲ್ಲ. ಬರುತ್ತೇನೆ ಅಂದಳು, ಮಂಡಿ ಬಿಡಲಿಲ್ಲ. ತೊಂಬತ್ತೆರಡರಲ್ಲಿ ಅವಳೂ ಹೋದಳು.

ನಾನು ಮಾತ್ರ ಪ್ರತಿ ಕಾರ್ತೀಕದಲ್ಲಿ ಹೋಗುತ್ತಿದ್ದೆ. ಎರಡನೆಯ ವರ್ಷ ಮುದುಕಿಗೆ ಅಜ್ಜಿಯ ಹೆಸರು ಹೇಳಿದೆ. ಅವಳು ಅದನ್ನು ಎರಡು ಸಲ ಬಾಯಲ್ಲಿ ಅಂದುಕೊಂಡಳು, ಅಷ್ಟೇ. ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ, ಇಬ್ಬರೂ ಜಗಲಿಯಲ್ಲಿ ಕೂತು ತಿನ್ನುತ್ತಿದ್ದೆವು. ಅವಳಿಗೆ ನನ್ನ ಮೊಸರನ್ನ ಸಪ್ಪೆ, ಅವಳು ತಂದ ಹುಚ್ಚೆಳ್ಳು ಚಟ್ನಿ ನನಗೆ ಖಾರ. ನಾನು ಇನ್ನೂ ಯಾಕೆ ಮದುವೆಯಾಗಿಲ್ಲ ಅಂತ ಪ್ರತಿ ವರ್ಷವೂ ಕೇಳುತ್ತಿದ್ದಳು, ಪ್ರತಿ ವರ್ಷವೂ ಮರೆಯುತ್ತಿದ್ದಳು. ನಾನು ಯಾರ ಮಗಳು ಅಂತ ಅವಳ ಮಗನಿಗೆ ಅವಳೇ ಹೇಳಿದಳಂತೆ. ಆ ಮೇಲೆ ಅಂಗಡಿಯ ಮುಂದೆ ಹಾದುಹೋದರೆ ಅವನು ಮೇಡಂ ಅನ್ನುವುದನ್ನು ನಿಲ್ಲಿಸಿದ. ಕೆಟ್ಟದಾಗಿಯೇನೂ ನಡೆದುಕೊಳ್ಳಲಿಲ್ಲ. ಒಲೆಯ ಕಡೆ ತಿರುಗಿ ಏನೋ ಕೆಲಸ ಹಚ್ಚಿಕೊಳ್ಳುತ್ತಿದ್ದ. ಒಂದು ವರ್ಷ ಮಾತ್ರ ಕರೆದು, "ಮೇಲೆ ಬಿಸಿಲು ಜಾಸ್ತಿ, ಛತ್ರಿ ತಗೊಂಡು ಹೋಗಿ" ಅಂತ ತನ್ನದನ್ನು ಕೊಟ್ಟ. ಇಳಿದು ಬಂದು ಅದನ್ನು ಮಡಚಿ ಅವನ ಬೆಂಚಿನ ಮೇಲಿಟ್ಟು ಬಸ್ಸಿಗೆ ನಡೆದೆ.

ತೊಂಬತ್ತೈದರಲ್ಲಿ ಹೋದಾಗ ಬೆಟ್ಟದ ಮೇಲೆ ಮೇಕೆಗಳು ಇರಲಿಲ್ಲ. ಮುದುಕಿ ಬೇಸಿಗೆಯಲ್ಲೇ ಹೋಗಿದ್ದಳಂತೆ, ಮೇಕೆಗಳನ್ನು ಮಾರಿದ್ದರು. ಅಂಗಡಿಗೂ ಬೀಗ. ಮಗ ಸಂಸಾರ ಕರೆದುಕೊಂಡು ಹಿಂದೂಪುರಕ್ಕೆ ಹೋದ ಅಂದರು. ಆ ಸಲ ಇಳಿಯುವಾಗ ಸೌದೆ ಹೊತ್ತು ಬರುತ್ತಿದ್ದ ಒಬ್ಬ ಹೊಸ ಸೊಸೆ ದಾರಿಯಲ್ಲಿ ಸಿಕ್ಕಿ, ಯಾರ ಮನೆಗೆ ಬಂದಿದ್ದಿರಿ ಅಂತ ಕೇಳಿದಳು.

"ಆ ಮೇಲಿನ ಮನೆಯೋರು ನಾವು," ಅಂದೆ, ಸ್ಪಷ್ಟವಾಗಿ.

ಅವಳು ಹುಬ್ಬು ಗಂಟಿಕ್ಕಿ ಬೆಟ್ಟ ನೋಡಿದಳು. "ಮೇಲೆ ಮನೆ ಎಲ್ಲಿದೆ ಅಕ್ಕ?"

ನಾನು ಕೈ ತೋರಿಸಿದೆ. ಅಲ್ಲಿಂದ ನೋಡಿದರೆ ಕಲ್ಲುಗಳ ನಡುವೆ ಅದೂ ಒಂದು ಕಲ್ಲೇ. ಅವಳಿಗೆ ಕಾಣಿಸಲಿಲ್ಲ. "ಸರಿ ಬಿಡಿ" ಅಂತ ಸೌದೆ ಸರಿಮಾಡಿಕೊಂಡು ಹೋದಳು.

ಆಮೇಲಿನ ವರ್ಷಗಳಲ್ಲಿ ಬೆಟ್ಟದ ಮೇಲೆ ಮನುಷ್ಯರು ಸಿಗುವುದೇ ಕಡಿಮೆಯಾಯಿತು. ಪೂರ್ವದ ಮಗ್ಗುಲಲ್ಲಿ ಯಾರೋ, ಕಲ್ಲು ಗಣಿಯವರಿರಬೇಕು, ಬಂಡೆಗಳಿಗೆ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದರು. ಸೂರಿನ ಒಂದು ಚಪ್ಪಡಿ ಬಿರುಕು ಬಿಟ್ಟಿತ್ತು, ಮಿಕ್ಕದ್ದು ಹಾಗೇ ಇತ್ತು. ತಾತ ಎರಡು ವರ್ಷ ಒಬ್ಬರೇ ಕಟ್ಟಿದ್ದು ಸುಲಭಕ್ಕೆ ಬೀಳುವುದಲ್ಲ. ಅದನ್ನು ಏನು ಮಾಡಬೇಕು ಅಂತ ಕೇಳಲು ನನಗೆ ಅಣ್ಣತಮ್ಮಂದಿರಿಲ್ಲ, ಕೊಟ್ಟು ಹೋಗಲು ಮಕ್ಕಳಿಲ್ಲ.

ತೊಂಬತ್ತೆಂಟರಲ್ಲಿ ಹೋದಾಗ ಮೋಡ ಕವಿದ ದಿನ. ಎಂದಿನಂತೆ ಒಳಗೆಲ್ಲ ಗುಡಿಸಿ, ಬುತ್ತಿ ತಿಂದು, ದೊಣೆಯಲ್ಲಿ ಡಬ್ಬಿ ತೊಳೆದುಕೊಂಡು ಬಂದೆ. ಆಯಾಸವಾಗಿ, ಚೀಲ ತಲೆಗಿಟ್ಟು ಕಲ್ಲು ನೆಲದ ಮೇಲೆ ಮಲಗಿದೆ. ಆ ಮನೆಯಲ್ಲಿ ನಾನು ನಿದ್ದೆ ಹೋದದ್ದು ಅದೇ ಮೊದಲು. ಎಚ್ಚರವಾದಾಗ ಹೊರಗೆ ಸಣ್ಣಗೆ ಮಳೆ ಬೀಳುತ್ತಿತ್ತು. ಎಷ್ಟು ಗಂಟೆ, ಯಾವ ಊರು ಅನ್ನುವುದು ಒಂದು ಕ್ಷಣ ತೋಚಲಿಲ್ಲ. ಬೆನ್ನಿಗೆ ನೆಲ ತಣ್ಣಗಿತ್ತು. ಬಾಗಿಲಿಲ್ಲದ ಬಾಗಿಲಿನಿಂದ ಎರಚಲು ಬಂದು ಕಾಲಿಗೆ ತಾಗುತ್ತಿತ್ತು. ಕಾಲು ಮಡಚಿಕೊಂಡು ಮಳೆ ನಿಲ್ಲುವವರೆಗೂ ಹಾಗೇ ಮಲಗಿದ್ದೆ.